ಷಿಪ್‌ರಾಕ್ ಜ್ವಾಲಾಮುಖಿಯಾದರೆ ಅದರ ಬಾಯಿ ಎಲ್ಲಿ?

ಪ್ರಶ್ನೆ: ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಷಿಪ್‌ರಾಕ್ ಹಳೆಯ ಜ್ವಾಲಾಮುಖಿ ಅಂತ ಓದಿದೆ. ಆದರೆ ಫೋಟೋದಲ್ಲಿ ಜ್ವಾಲಾಮುಖಿಯ ಬಾಯಿ ಕಾಣಲ್ಲ. ಬಯಲಿನ ಮಧ್ಯೆ ಚೂಪಾದ ಬಂಡೆ, ಅದರಿಂದ ಹೊರಟ ಉದ್ದನೆಯ ಗೋಡೆಗಳು, ಅಷ್ಟೇ. ಹಾಗಾದರೆ ಜ್ವಾಲಾಮುಖಿ ಎಲ್ಲಿ ಹೋಯಿತು?

ಉತ್ತರ: ಸವೆದು ಹೋಯಿತು. ನೀವು ನೋಡುತ್ತಿರುವುದು ಜ್ವಾಲಾಮುಖಿಯ ಹೊರಗಿನ ಬೆಟ್ಟವನ್ನಲ್ಲ, ಒಂದು ಕಾಲದಲ್ಲಿ ನೆಲದೊಳಗೆ ಹೂತಿದ್ದ ಅದರ ಕೊರಳನ್ನು. ಈ ಬಂಡೆ ರೂಪುಗೊಂಡಾಗ ಅಂದಿನ ನೆಲ ಇದಕ್ಕಿಂತ ಸುಮಾರು 750ರಿಂದ 1,000 ಮೀಟರ್ ಮೇಲೆ ಇತ್ತು ಅಂತ ಭೂವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇವತ್ತು ಬಂಡೆಯ ಎತ್ತರ ಸುತ್ತಲಿನ ಬಯಲಿನಿಂದ ಸುಮಾರು 480 ಮೀಟರ್. ಅಂದರೆ ಆ ಹಳೆಯ ನೆಲ ಈಗಿನ ತುದಿಗಿಂತಲೂ ಮೇಲಿತ್ತು. ಬಾಯಿಯನ್ನು ಹುಡುಕಬೇಕಾದರೆ ಬಂಡೆಯ ಮೇಲಿನ ಖಾಲಿ ಆಕಾಶವನ್ನು ನೋಡಬೇಕು.

ಸುಮಾರು 2.7 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಿಂದ ಮ್ಯಾಗ್ಮಾ, ಅಂದರೆ ಕರಗಿದ ಕಲ್ಲು, ಬಿರುಕುಗಳಲ್ಲಿ ಮೇಲೇರಿ ಬಂತು. ದಾರಿಯಲ್ಲಿ ಅಂತರ್ಜಲ ಸಿಕ್ಕಿತು. ಅಷ್ಟು ಬಿಸಿಗೆ ನೀರು ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಸುತ್ತಲಿನ ಕಲ್ಲು ಪುಡಿಪುಡಿಯಾಗಿ, ಬೂದಿ, ಚೂರು, ಮ್ಯಾಗ್ಮಾ ಎಲ್ಲ ಕಲೆತು ಒಂದು ಕೊಳವೆಯೊಳಗೆ ತುಂಬಿಕೊಂಡವು. ಅದೇ ಗಟ್ಟಿಯಾಗಿ ಈ ಬಂಡೆ ಆಯಿತು. ಹಾಗಾಗಿಯೇ ಇದು ಏಕಶಿಲೆಯಲ್ಲ. ಬಹುಪಾಲು ಬ್ರೆಕ್ಸಿಯಾ, ಅಂದರೆ ಚೂರುಗಳು ಬೆಸೆದುಕೊಂಡ ಕಲ್ಲು. ನಡುನಡುವೆ ಕಪ್ಪು ಅಭ್ರಕ ಜಾಸ್ತಿ ಇರುವ ಮಿನೆಟ್ ಅನ್ನುವ ಕಲ್ಲು ನುಗ್ಗಿದೆ.

ಸುತ್ತಮುತ್ತ ಇದ್ದದ್ದು ಮ್ಯಾಂಕೋಸ್ ಶೇಲ್. ಡೈನೋಸಾರ್‌ಗಳ ಕಾಲದಲ್ಲಿ ಇಲ್ಲಿದ್ದ ಸಮುದ್ರದ ತಳದ ಕೆಸರು ಗಟ್ಟಿಯಾಗಿ ಆದ ಪದರಗಲ್ಲು ಅದು. ತುಂಬಾ ಮೆತ್ತಗಿನದು. ಮಳೆ, ಗಾಳಿ, ಹೊಳೆಗಳು ಅದನ್ನೂ ಅದರ ಮೇಲಿದ್ದ ಪದರಗಳನ್ನೂ ಕೊಚ್ಚಿಕೊಂಡು ಹೋದವು. ಗಟ್ಟಿ ಕೊರಳು ಉಳಿಯಿತು. ಷಿಪ್‌ರಾಕ್ ಮೇಲೆದ್ದು ಬಂದಿದ್ದಲ್ಲ, ಸುತ್ತಲಿನ ನೆಲ ಕೆಳಗಿಳಿದದ್ದು. ಇದನ್ನು ತಿಳಿದ ಮೇಲೆ ಆ ಬಯಲನ್ನು ನೋಡುವ ರೀತಿಯೇ ಬದಲಾಗುತ್ತದೆ. ಬಂಡೆಗಿಂತ, ಇಲ್ಲದೆ ಹೋದ ನೆಲವೇ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಗೋಡೆಗಳ ಬಗ್ಗೆ ಕೇಳಿದ್ದೀರಿ. ಅವು ಯಾರೂ ಕಟ್ಟಿದ್ದಲ್ಲ. ನೆಲದೊಳಗಿನ ಉದ್ದ ಬಿರುಕುಗಳಿಗೆ ಮ್ಯಾಗ್ಮಾ ತುಂಬಿ ತಣ್ಣಗಾದರೆ ಡೈಕ್ ಆಗುತ್ತದೆ. ಅಲ್ಲೂ ಅದೇ ಕಥೆ: ಶೇಲ್ ಹೋಯಿತು, ಡೈಕ್ ನಿಂತಿತು. ದಪ್ಪ ಕೆಲವೇ ಮೀಟರ್, ಆದರೆ ದಕ್ಷಿಣಕ್ಕೆ ಹೋಗುವ ಗೋಡೆ ಸುಮಾರು 9 ಕಿಲೋಮೀಟರ್ ಉದ್ದ. ನಮ್ಮ ಕರ್ನಾಟಕದ ನೆಲದಲ್ಲೂ ಡೈಕ್‌ಗಳಿವೆ, ಷಿಪ್‌ರಾಕ್‌ಗಿಂತ ಎಷ್ಟೋ ಪಟ್ಟು ಹಳೆಯವು. ಚಾಮರಾಜನಗರದ ಕಡೆ ತೆಗೆಯುವ ಹೆಸರುವಾಸಿ ಕರಿಕಲ್ಲು ಡೈಕ್‌ನದೇ.

ಇನ್ನು, ಇದು ಯಾರ ನೆಲ ಅನ್ನುವುದನ್ನು ಹೇಳದಿದ್ದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಷಿಪ್‌ರಾಕ್ ಇರುವುದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಸ್ವಂತ ಆಡಳಿತದ ನಾಡಿನಲ್ಲಿ. ತಮ್ಮನ್ನು ಅವರು ಡಿನೇ ಅನ್ನುತ್ತಾರೆ. ಷಿಪ್‌ರಾಕ್ ಅಂದರೆ ಹಡಗಿನ ಬಂಡೆ, ಆದರೆ ಅವರಿಗೆ ಇದು ಹಡಗಲ್ಲ, ರೆಕ್ಕೆ ಇರುವ ಬಂಡೆ. ತಮ್ಮ ಪೂರ್ವಿಕರನ್ನು ಉತ್ತರದಿಂದ ಹೊತ್ತು ತಂದ ದೊಡ್ಡ ಹಕ್ಕಿ ಇಲ್ಲಿ ಇಳಿದು ಕಲ್ಲಾಯಿತು ಅನ್ನುತ್ತದೆ ಒಂದು ಕಥೆ. ಆ ಗೋಡೆಗಳೇ ರೆಕ್ಕೆಗಳು.

ಇನ್ನೊಂದು ಕಥೆಯಲ್ಲಿ, ಮನುಷ್ಯರನ್ನು ತಿನ್ನುವ ಭಾರಿ ಹಕ್ಕಿಗಳು ಬಂಡೆಯ ಮೇಲೆ ಗೂಡು ಕಟ್ಟಿದ್ದವು. ರಾಕ್ಷಸರನ್ನು ಕೊಲ್ಲುವ ವೀರ ಅವನ್ನು ಸಾಯಿಸಿದ. ಮರಿಗಳನ್ನು ಮಾತ್ರ ಕೊಲ್ಲಲಿಲ್ಲ, ಒಂದನ್ನು ಹದ್ದಾಗಿ, ಇನ್ನೊಂದನ್ನು ಗೂಬೆಯಾಗಿ ಮಾಡಿ ಜನರಿಗೆ ಉಪಯೋಗಕ್ಕೆ ಬನ್ನಿ ಅಂತ ಕಳಿಸಿದ. ಆಮೇಲೆ ಕೆಳಗಿಳಿಯಲು ದಾರಿ ಇಲ್ಲದೆ ನಿಂತವನನ್ನು ಬಾವಲಿ ಅಜ್ಜಿ ತನ್ನ ಬುಟ್ಟಿಯಲ್ಲಿ ಕೂರಿಸಿಕೊಂಡು ಇಳಿಸಿದಳು. ಕೊಲ್ಲಲು ಬಂದವನು ಮರಿಗಳಿಗೆ ಬೇರೆ ಬದುಕು ಕೊಟ್ಟನಲ್ಲ, ಆ ಭಾಗ ನನಗೆ ತುಂಬಾ ಇಷ್ಟ.

ಇನ್ನೂ ಹಿರಿದಾದ ಒಂದು ನೋಟವೂ ಇದೆ. ಹತ್ತಿರದ ಚುಸ್ಕಾ ಬೆಟ್ಟಸಾಲು ಮಲಗಿರುವ ಒಬ್ಬ ಮಹಾಪುರುಷನ ಮೈ. ಷಿಪ್‌ರಾಕ್ ಅವನ ಬಳಿ ಇರುವ ಮದ್ದಿನ ಚೀಲ, ಅಥವಾ ಬಿಲ್ಲು. ಅಂದರೆ ಒಂದು ಬಂಡೆ ಮಾತ್ರ ಪವಿತ್ರ, ಉಳಿದದ್ದು ಬರೀ ಬಯಲು ಅಂತಲ್ಲ.

ಮೂರನೆಯ ಕಥೆ ನೋವಿನದು. ಒಂದು ಕಾಲದಲ್ಲಿ ಜನ ಬಂಡೆಯ ಮೇಲೆ ವಾಸವಿದ್ದರು. ಹೊಲಕ್ಕೆ, ನೀರಿಗೆ ಕೆಳಗಿಳಿದು ಬರುತ್ತಿದ್ದರು. ಒಂದು ದಿನ ಸಿಡಿಲು ಬಡಿದು ದಾರಿ ಮುರಿದುಹೋಯಿತು. ಮೇಲೆ ಸಿಕ್ಕಿಕೊಂಡವರು ಹಸಿವಿನಿಂದ ಸತ್ತರು. ಅವರ ಆತ್ಮಗಳನ್ನು ಕೆಣಕಬಾರದು ಅನ್ನುವುದು ಬಂಡೆ ಹತ್ತುವುದನ್ನು ಡಿನೇ ಜನ ಒಪ್ಪದಿರಲು ಒಂದು ದೊಡ್ಡ ಕಾರಣ.

ಆದರೂ ಹೊರಗಿನವರು ಹತ್ತಿದರು. 1939ರಲ್ಲಿ ಡೇವಿಡ್ ಬ್ರೋವರ್ ಮತ್ತು ಮೂವರು ಜೊತೆಗಾರರು ಮೊದಲ ಬಾರಿಗೆ ತುದಿ ಮುಟ್ಟಿದರು. ಕಲ್ಲಿಗೆ ತೂತು ಕೊರೆದು ಬೋಲ್ಟ್ ಬಡಿದು ಹತ್ತಿದ್ದು ಅಮೆರಿಕದಲ್ಲಿ ಅದೇ ಮೊದಲು ಅನ್ನುತ್ತಾರೆ. ಪರ್ವತಾರೋಹಣದ ಇತಿಹಾಸದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಪವಿತ್ರ ಅಂತ ಒಂದು ಜನ ನಂಬಿದ ಬಂಡೆಗೆ ಮೊಳೆ ಹೊಡೆದದ್ದನ್ನು ಬರೀ ಸಾಹಸ ಅಂತ ಓದಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1970ರಲ್ಲಿ ಒಂದು ಅಪಘಾತ ಆದ ನಂತರ ನವಾಹೋ ಆಡಳಿತ ಹತ್ತುವುದನ್ನು ನಿಷೇಧಿಸಿತು. ನಿಷೇಧ ಈಗಲೂ ಇದೆ.

ಕಥೆ ಜನಪದದ್ದು, ಡೈಕ್ ವಿಜ್ಞಾನದ್ದು, ಯಾವುದು ನಿಜ ಅಂತ ಕೆಲವರು ಕೇಳುತ್ತಾರೆ. ಬಂಡೆ ಹೇಗೆ ಆಯಿತು ಅಂತ ವಿಜ್ಞಾನ ಹೇಳುತ್ತದೆ. ಅದರ ಮುಂದೆ ನಾವು ಹೇಗೆ ನಡೆದುಕೊಳ್ಳಬೇಕು ಅಂತ ಹೇಳಲು ಹಕ್ಕಿರುವುದು ಡಿನೇ ಜನರಿಗೆ.

ಆ ಕಡೆ ಪ್ರವಾಸ ಹೋಗುವುದಾದರೆ ಹೆದ್ದಾರಿ 491ರಿಂದಲೇ ಬಂಡೆ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗುವ ರಸ್ತೆ 13 ದಕ್ಷಿಣದ ಗೋಡೆಯನ್ನು ದಾಟಿ ಹೋಗುತ್ತದೆ. ಡೈಕ್ ಎಷ್ಟು ತೆಳ್ಳಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಬುಡದವರೆಗೆ ಹೋಗುವ ಮಣ್ಣಿನ ದಾರಿಗಳನ್ನು ಬಿಟ್ಟುಬಿಡಿ, ಅದು ಅಲ್ಲಿನ ಕುಟುಂಬಗಳು ಕುರಿ, ದನ ಮೇಯಿಸುವ ಜಾಗ.