ಆಡುಮಾತಿನಲ್ಲಿ ಬರೆದ ಕಾದಂಬರಿಗೆ ಅಕಾಡೆಮಿ ಪ್ರಶಸ್ತಿ ಸಿಗುತ್ತದೆಯೇ?

ಪ್ರಶ್ನೆ: ನಾನು ಬೀಳಗಿ ಕಡೆಯ ಶಾಲಾ ಮಾಸ್ತರ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರೊಂದರ ಮೇಲೆ ಕಾದಂಬರಿ ಬರೆದಿದ್ದೇನೆ. ಮಾತುಕತೆಯೆಲ್ಲ ನಮ್ಮ ಭಾಗದ ನುಡಿಯಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಇಂಥದ್ದನ್ನು ಪರಿಗಣಿಸುತ್ತಾರೆಯೇ? ಶಿಷ್ಟ ಭಾಷೆಗೆ ತಿದ್ದಬೇಕೇ?

ತಿದ್ದಬೇಡಿ, ಮಾಸ್ತರರೇ. ನಿಮ್ಮ ಪುಸ್ತಕದ ತಾಯಿಯನ್ನು ಮಗ ‘ಯವ್ವ’ ಎಂದು ಕರೆಯುತ್ತಿದ್ದರೆ ಹಾಗೆಯೇ ಕರೆಯಲಿ. 2005ರಲ್ಲಿ ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ರಾಘವೇಂದ್ರ ಪಾಟೀಲರ ‘ತೇರು’ ಕಾದಂಬರಿಗೆ. ಪಾಟೀಲರು ಗೋಕಾಕ ತಾಲ್ಲೂಕಿನ ಬೆಟಗೇರಿಯವರು. ಮುಂದೆ ಸಾಗದೆ ನಿಂತ ತೇರು, ಅದಕ್ಕೆ ಬಲಿಯಾದ ಕೂಸು, ಆ ಮನೆತನದವರು ತಲೆಮಾರುಗಳಿಂದ ತೇರಿಗೆ ಇಡುತ್ತ ಬಂದ ರಕ್ತತಿಲಕ: ಆ ಕತೆಗೆ ಅಲ್ಲಿನ ಮಣ್ಣಿನ ಮಾತೇ ಬೇಕಿತ್ತು. ಬೇರೆ ನುಡಿಯಲ್ಲಿ ಅದನ್ನು ನಾನು ಊಹಿಸಿಕೊಳ್ಳಲಾರೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಇದೇ ಸೀಮೆಯ ಭಾಷೆಯ ಬಲದಿಂದ 2010ರ ಜ್ಞಾನಪೀಠದವರೆಗೆ ನಡೆದರು.

ನಿಜವಾದ ಕಷ್ಟ ಬೇರೆ ಕಡೆ ಇದೆ. ಅಕಾಡೆಮಿಯ ಈ ಮುಖ್ಯ ಪ್ರಶಸ್ತಿ ಭಾಷೆಗೆ ಒಂದೇ. ಕಾದಂಬರಿಗೆಂದು ಪ್ರತ್ಯೇಕ ಸ್ಥಾನವಿಲ್ಲ. ಕಾವ್ಯ, ವಿಮರ್ಶೆ, ನಾಟಕ, ಆತ್ಮಕಥೆ ಎಲ್ಲವೂ ಒಂದೇ ಕಣದಲ್ಲಿರುತ್ತವೆ. ಶಿವರಾಮ ಕಾರಂತರಂಥ ಕಾದಂಬರಿಕಾರರಿಗೂ 1959ರಲ್ಲಿ ಅದು ದೊರೆತದ್ದು ‘ಯಕ್ಷಗಾನ ಬಯಲಾಟ’ ಎಂಬ ಅಧ್ಯಯನಕ್ಕೆ! ಕೊನೆಯ ತೀರ್ಮಾನ ಮೂವರು ತೀರ್ಪುಗಾರರದು. ಒಮ್ಮತ ಬಾರದಿದ್ದರೆ ಬಹುಮತ. ಗೆದ್ದವರಿಗೆ ಒಂದು ಲಕ್ಷ ರೂಪಾಯಿ, ತಾಮ್ರಫಲಕ.

ಅವಧಿಯ ಲೆಕ್ಕವನ್ನೂ ತಿಳಿದಿರಿ. 2023ರ ಪ್ರಶಸ್ತಿಗೆ 2017ರಿಂದ 2021ರವರೆಗೆ ಮೊದಲ ಬಾರಿಗೆ ಪ್ರಕಟವಾದ ಪುಸ್ತಕಗಳನ್ನು ನೋಡಿದರು. ಅಂದರೆ ಅಚ್ಚಾದ ಮರುವರ್ಷವೇ ಹೆಸರು ಬರಲಿಲ್ಲವೆಂದು ಕೊರಗಬೇಕಾಗಿಲ್ಲ. ಓದುಗರ ಕೈಯಿಂದ ಕೈಗೆ ದಾಟಲು ಪುಸ್ತಕಕ್ಕೆ ಸಮಯವಿದೆ.

ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದ ದಾರಿ ಬೇರೆ. ಅಲ್ಲಿ ಕಾದಂಬರಿಗೆ ಅದರದೇ ವಿಭಾಗವಿದೆ, ಆದರೆ ಆಯಾ ವರ್ಷದಲ್ಲಿ ಮೊದಲ ಮುದ್ರಣ ಕಂಡ ಪುಸ್ತಕಗಳಿಗೆ ಮಾತ್ರ ಅವಕಾಶ. ಮೊದಲ ಕಾದಂಬರಿ ಬರೆದ ನಿಮ್ಮಂಥವರು ಮೊದಲು ಕಣ್ಣಿಡಬೇಕಾದದ್ದು ಇದರ ಮೇಲೆ ಎಂಬುದು ನನ್ನ ಅಭಿಪ್ರಾಯ. ಪುಸ್ತಕ ಕಳುಹಿಸಲು ಕರೆಯುವ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ.

ಅಚ್ಚಿಗೆ ಕೊಡುವಾಗ ಒಂದು ಎಚ್ಚರವಿರಲಿ. ಒಳಪುಟದಲ್ಲಿ ‘ಮೊದಲ ಮುದ್ರಣ’ ಎಂದು ಇಸವಿಯ ಸಮೇತ ಸ್ಪಷ್ಟವಾಗಿ ಹಾಕಿಸಿ. ಡಿಸೆಂಬರ್ ಕೊನೆಯಲ್ಲಿ ಅಚ್ಚಾಗುವಂತಿದ್ದರೆ, ಯಾವ ಇಸವಿ ಹಾಕಬೇಕೆಂದು ಪ್ರಕಾಶಕರೊಡನೆ ಮೊದಲೇ ಮಾತಾಡಿಕೊಳ್ಳಿ.