ಶ್ಯಾರಬ್ಯಾಂಗ್: ಬೆಂಚುಗಳ ಬಂಡಿ

20ನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಓಡುತ್ತಿದ್ದ, ಸೂರಿಲ್ಲದ, ಅಡ್ಡ ಬೆಂಚುಗಳನ್ನು ಒಂದರ ಹಿಂದೊಂದು ಜೋಡಿಸಿದ್ದ ಮೋಟಾರು ಬಸ್ಸಿಗೆ ‘ಶ್ಯಾರಬ್ಯಾಂಗ್’ ಎಂದು ಹೆಸರು. ಮಹಡಿಯ ಮೇಲೆ ಮಾತ್ರ ಬಯಲಾಗಿರುವ ಡಬಲ್ ಡೆಕರ್ ಇದಲ್ಲ. ಶ್ಯಾರಬ್ಯಾಂಗಿಗೆ ಇದ್ದುದು ಒಂದೇ ಅಂತಸ್ತು. ಹೆಸರಿನ ಮೂಲ ಫ್ರೆಂಚ್ ಭಾಷೆಯ ‘ಶಾರ್ ಆ ಬಾಂ’, ಅಂದರೆ ಬೆಂಚುಗಳುಳ್ಳ ಬಂಡಿ. ಇದರ ಎರಡೂ ಪದಗಳ ನೆಂಟರು ಇಂಗ್ಲಿಷಿನ ಮೂಲಕ ಕನ್ನಡಕ್ಕೂ ಬಂದಿದ್ದಾರೆ: ‘ಶಾರ್’ ಹುಟ್ಟಿದ ಲ್ಯಾಟಿನ್ ಬೇರಿನಿಂದಲೇ ನಮ್ಮ ‘ಕಾರು’ ಬಂದಿದೆ, ‘ಬಾಂ’ ಎಂಬುದು ನಮ್ಮ ‘ಬೆಂಚು’ ಮತ್ತು ‘ಬ್ಯಾಂಕು’ಗಳ ದಾಯಾದಿ.

ಮೊದಲಿಗೆ ಇದು ಕುದುರೆ ಎಳೆಯುವ ಗಾಡಿಯಾಗಿತ್ತು. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ವಿಕ್ಟೋರಿಯಾ ರಾಣಿಗೆ ಅಂಥದೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದ. ಮೋಟಾರು ಬಂದ ಮೇಲೆ ಅದು ಗಿರಣಿ ಕೆಲಸಗಾರರ, ಚರ್ಚಿನ ಭಾನುವಾರದ ಶಾಲೆಯವರ ವಾಹನವಾಗಿ, ವರ್ಷಕ್ಕೊಮ್ಮೆ ಅವರನ್ನು ಕಡಲತೀರಕ್ಕೆ ಕರೆದೊಯ್ಯತೊಡಗಿತು. ಒಳಗೆ ನಡುದಾರಿ ಇಲ್ಲದ್ದರಿಂದ ಪ್ರತಿಯೊಂದು ಸಾಲಿಗೂ ಅದರದೇ ಬಾಗಿಲು ಬೇಕಾಗುತ್ತಿತ್ತು. ಹಿಂಭಾಗದಲ್ಲಿ ಮಡಚಿಟ್ಟ ಕ್ಯಾನ್ವಾಸಿನ ಹೊದಿಕೆಯನ್ನು ಮಳೆ ಬಂದಾಗ ಪ್ರಯಾಣಿಕರೂ ಕೈಜೋಡಿಸಿ ಮುಂದಕ್ಕೆ ಎಳೆದುಕೊಳ್ಳಬೇಕಿತ್ತು. ಗಟ್ಟಿ ರಬ್ಬರಿನ ಟೈರುಗಳ ಕುಲುಕಾಟವೂ ರಸ್ತೆಯ ಧೂಳೂ ವಿಹಾರದ ಭಾಗವೇ ಆಗಿದ್ದವು. ಮೊದಲ ಮಹಾಯುದ್ಧ ಮುಗಿದಾಗ ಸೇನೆ ಮಾರಿದ ಹಳೆಯ ಲಾರಿಗಳನ್ನು ಕೊಂಡವರು ವಾರದ ದಿನಗಳಲ್ಲಿ ಸರಕು ಸಾಗಿಸಿ, ವಾರಾಂತ್ಯಕ್ಕೆ ಅದೇ ಚಾಸಿಯ, ಅಂದರೆ ತಳದ ಚೌಕಟ್ಟಿನ, ಮೇಲೆ ಬೆಂಚುಗಳ ಮೈಕಟ್ಟನ್ನು ಕೂರಿಸುತ್ತಿದ್ದುದೂ ಉಂಟು. ಜನ ತುಂಬಿದಷ್ಟೂ ವಾಹನದ ಭಾರ ಮೇಲ್ಭಾಗದಲ್ಲೇ ನಿಲ್ಲುತ್ತಿದ್ದುದರಿಂದ, ಕಡಿದಾದ ತಿರುವುಗಳಲ್ಲಿ ಅದು ಮಗುಚಿದರೆ ಕುಳಿತವರಿಗೆ ಯಾವ ಆಸರೆಯೂ ಇರಲಿಲ್ಲ. ಗಾಳಿ ತುಂಬಿದ ಟೈರು ಹಾಗೂ ಮುಚ್ಚಿದ ಮೈಯ ಕೋಚುಗಳು ಬಂದಂತೆ, 1920ರ ದಶಕದಲ್ಲಿ ಶ್ಯಾರಬ್ಯಾಂಗ್ ಹಿಂದೆ ಸರಿಯಿತು. ಆದರೂ ‘ಶ್ಯಾರಾ’ ಎಂಬ ಮೊಟಕು ರೂಪ ಆ ಮುಚ್ಚಿದ ಕೋಚುಗಳಿಗೇ ಅಂಟಿಕೊಂಡು ಇನ್ನಷ್ಟು ಕಾಲ ಉಳಿಯಿತು.

ಗೆದ್ದ ಹೆಸರು ‘ಬಸ್’. ಅದರ ಮೂಲವಾದ ‘ಆಮ್ನಿಬಸ್’ ಲ್ಯಾಟಿನ್ನಿನ ಚತುರ್ಥೀ ವಿಭಕ್ತಿಯ ಬಹುವಚನ, ಅರ್ಥ ‘ಎಲ್ಲರಿಗೂ’. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಕುದುರೆಗಾಡಿಗೆ ಇಟ್ಟ ಈ ಹೆಸರು 1829ರಲ್ಲಿ ಲಂಡನ್ನಿಗೆ ಬಂದು, ಕ್ರಮೇಣ ಪ್ರಕೃತಿಯನ್ನು, ಅಂದರೆ ಮೂಲಪದವನ್ನು, ಕಳೆದುಕೊಂಡು ಬರೀ ಪ್ರತ್ಯಯವಾಗಿ ಉಳಿಯಿತು. ‘ಎಲ್ಲರಿಗೂ’ ಎಂಬುದನ್ನು ಕತ್ತರಿಸಿ ವಾಹನವನ್ನು ‘ರಿಗೂ’ ಎಂದು ಕರೆದ ಹಾಗೆ! ಸಂಸ್ಕೃತದ ‘ಸರ್ವೇಭ್ಯಃ’ದಲ್ಲಿರುವ ‘ಭ್ಯಃ’ ಈ ‘ಬಸ್’ನ ಸಗೋತ್ರ ಪ್ರತ್ಯಯವೇ.

ಜನರು ಕೊಟ್ಟ ಅಡ್ಡಹೆಸರುಗಳು ಇನ್ನೂ ಸ್ವಾರಸ್ಯವಾಗಿವೆ. ಅಡ್ಡ ಬೆಂಚುಗಳ ಬಯಲು ಟ್ರಾಮನ್ನು ಬ್ರಿಟನ್ನಿನವರು, ಸುಟ್ಟ ಬ್ರೆಡ್ಡಿನ ಹೋಳುಗಳನ್ನು ನಿಲ್ಲಿಸಿಡುವ ‘ಟೋಸ್ಟ್ ರ‍್ಯಾಕ್’ಗೆ ಹೋಲಿಸಿದರು. ನ್ಯೂಯಾರ್ಕಿನ ಪ್ರವಾಸಿ ವಾಹನ, ಕುಳಿತವರು ರಬ್ಬರಿನಂತೆ ಕತ್ತು ಚಾಚಿ ನೋಡುತ್ತಿದ್ದರೆಂದು, ‘ರಬ್ಬರ್‌ನೆಕ್ ವ್ಯಾಗನ್’ ಆಯಿತು. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ, 1936ರಿಂದ ಮುಂದೆ ವೈಟ್ ಕಂಪನಿ ತಯಾರಿಸಿಕೊಟ್ಟ ಕೆಂಪು ಬಸ್ಸುಗಳಿಗೆ ‘ಜ್ಯಾಮರ್’ ಎನ್ನುತ್ತಾರೆ: ಘಟ್ಟದ ದಾರಿಯಲ್ಲಿ ಚಾಲಕರು ಗೇರುಗಳನ್ನು ಕರಕರನೆ ಒತ್ತಿ ಬದಲಿಸುತ್ತಿದ್ದುದರಿಂದ ಮೊದಲು ಚಾಲಕರಿಗೆ ಅಂಟಿದ ಹೆಸರು ಅನಂತರ ಬಸ್ಸಿಗೂ ದಾಟಿತು. ಸುರುಳಿ ಸುತ್ತುವ ಕ್ಯಾನ್ವಾಸಿನ ಸೂರು, ಸಾಲಿಗೊಂದು ಬಾಗಿಲು ಇರುವ ಆ ಬಸ್ಸುಗಳು ನವೀಕರಣಗೊಂಡು ಇಂದಿಗೂ ಅಲ್ಲಿ ಪ್ರವಾಸಿಗರನ್ನು ಹೊತ್ತು ಓಡುತ್ತಿವೆ.