ಹತ್ತೊಂಬತ್ತರ ಹೊಸ್ತಿಲು: ಇಂಗ್ಲೆಂಡಿನಲ್ಲಿ ಕಾಲೇಜಿಗೆ ಹೋಗುವ ಖರ್ಚು ಯಾರದು?

ಇಂಗ್ಲೆಂಡಿನ ಯಾವುದೋ ಊರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಕೌನ್ಸಿಲ್ಲಿನ (ಸ್ಥಳೀಯ ಆಡಳಿತದ) ಮಿನಿಬಸ್ಸೊಂದು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಒಳಗೆ ವಿಶೇಷ ಅಗತ್ಯಗಳುಳ್ಳ ಮೂವರು ವಿದ್ಯಾರ್ಥಿಗಳು. 15ರ ಹುಡುಗನಿಗೆ ಪ್ರಯಾಣ ಉಚಿತ. 17ರ ಹುಡುಗಿಯ ಮನೆಯವರು ವರ್ಷಕ್ಕಿಷ್ಟು ಎಂದು ದುಡ್ಡು ಕಟ್ಟಿದ್ದಾರೆ. 20ರ ಯುವಕನಿಂದ ಕೌನ್ಸಿಲ್ ಒಂದು ಪೆನ್ನಿಯನ್ನೂ ಕೇಳುವಂತಿಲ್ಲ, ಆದರೆ ಅವನನ್ನು ಹತ್ತಿಸಿಕೊಳ್ಳಬೇಕೋ ಬೇಡವೋ ಎಂಬುದನ್ನೇ ಅದು ತೀರ್ಮಾನಿಸುತ್ತದೆ. ಒಂದೇ ಬಸ್ಸು, ಮೂರು ಕಾನೂನು. ಇದನ್ನು ಯಾರೂ ಕೂತು ಯೋಜಿಸಿದ್ದಲ್ಲ. ಎಂಬತ್ತು ವರ್ಷಗಳಲ್ಲಿ ಒಂದರ ಮೇಲೊಂದು ತೇಪೆ ಬಿದ್ದು ಹೀಗಾಗಿದೆ.

ಮೂಲ 1944ರ ಶಿಕ್ಷಣ ಕಾಯ್ದೆಯಲ್ಲಿದೆ. ಅದರ 55ನೇ ಸೆಕ್ಷನ್ ಪ್ರಕಾರ, ಶಾಲೆಗೋ ಫರ್ದರ್ ಎಜುಕೇಶನ್ ತರಗತಿಗೋ ಹೋಗಿಬರಲು ತನಗೆ ‘ಅಗತ್ಯವೆಂದು ತೋರಿದ’ ವಾಹನ ವ್ಯವಸ್ಥೆಯನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರ, ಎಂದರೆ ಕೌನ್ಸಿಲ್, ಮಾಡಬೇಕಿತ್ತು. ಹಾಗೆ ಕೊಟ್ಟ ವಾಹನ ಉಚಿತವಾಗಿರಬೇಕಿತ್ತು. ಫರ್ದರ್ ಎಜುಕೇಶನ್ ಎಂದರೆ ಶಾಲೆಯೂ ಅಲ್ಲದ, ವಿಶ್ವವಿದ್ಯಾಲಯವೂ ಅಲ್ಲದ ನಡುವಿನ ಹಂತ. ನಮ್ಮ ಪಿಯುಸಿ, ಐಟಿಐ, ಡಿಪ್ಲೊಮಾ ಮೂರನ್ನೂ ಒಂದೇ ಸೂರಿನಡಿ ಕಲ್ಪಿಸಿಕೊಂಡರೆ ಹತ್ತಿರ ಬರುತ್ತದೆ. ಎಂಟು ವರ್ಷದೊಳಗಿನವರಿಗೆ 2 ಮೈಲಿ, ಅದಕ್ಕಿಂತ ದೊಡ್ಡವರಿಗೆ 3 ಮೈಲಿವರೆಗೆ ನಡಿಗೆ, ಅದರಾಚೆಗೆ ವಾಹನ ಎಂಬ ಲೆಕ್ಕವೂ ಅದೇ ಕಾಯ್ದೆಯದು. ಈ ಲೆಕ್ಕ ಇಂದಿಗೂ ಉಳಿದಿದೆ, ಆದರೆ ಕಡ್ಡಾಯ ಶಾಲಾ ವಯಸ್ಸಿನವರಿಗೆ ಮಾತ್ರ. ಆ ವಯಸ್ಸು 1972ರಲ್ಲಿ 16ಕ್ಕೇರಿತು. ಈಗ ಅದು ಮುಗಿಯುವುದು 16 ತುಂಬಿದ ಶೈಕ್ಷಣಿಕ ವರ್ಷದ ಜೂನ್ ತಿಂಗಳ ಕೊನೆಯ ಶುಕ್ರವಾರ. ಮರುದಿನದಿಂದ 3 ಮೈಲಿಯ ಹಕ್ಕು ಇಲ್ಲ.

1993ರ ಏಪ್ರಿಲ್ 1ರಂದು ಕಾಲೇಜುಗಳು ಕೌನ್ಸಿಲ್ಲಿನ ಕೈತಪ್ಪಿ ಸ್ವತಂತ್ರ ಸಂಸ್ಥೆಗಳಾದವು. ಕಾಲೇಜು ಹೋಯಿತು, ಬಸ್ಸಿನ ಹೊಣೆ ಮಾತ್ರ ಕೌನ್ಸಿಲ್ಲಿನ ಬಳಿಯೇ ಉಳಿಯಿತು. ಯಾವ ಕೋರ್ಸು ಎಲ್ಲಿ, ತರಗತಿ ಎಷ್ಟು ಗಂಟೆಗೆ ಎಂದು ನಿರ್ಧರಿಸುವವರು ಒಬ್ಬರು, ಟ್ಯಾಕ್ಸಿಯ ಬಿಲ್ ಕಟ್ಟುವವರು ಇನ್ನೊಬ್ಬರು. ಇಂದಿನ ಜಗಳಗಳಲ್ಲಿ ಅರ್ಧದಷ್ಟು ಇಲ್ಲೇ ಹುಟ್ಟಿದವು.

2002ರ ಕಾಯ್ದೆ 16ರಿಂದ 19ರವರನ್ನು ಪ್ರತ್ಯೇಕಿಸಿತು. ಇವರಿಗಾಗಿ ಏನು ಮಾಡುತ್ತೇವೆಂದು ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ ನೀತಿ ಹೇಳಿಕೆ ಪ್ರಕಟಿಸಬೇಕು. ಕಡೆಯ ದಿನ ಮೇ 31. ಉಚಿತವಾಗಿಯೇ ಕೊಡಬೇಕೆಂಬ ಮಾತು ಇಲ್ಲಿ ಬಿದ್ದುಹೋಯಿತು. ಆಗ ಅದು ಅಷ್ಟಾಗಿ ಚುಚ್ಚಲಿಲ್ಲ, ಏಕೆಂದರೆ 2004ರಿಂದ ಬಡ ಕುಟುಂಬಗಳ ಮಕ್ಕಳಿಗೆ ವಾರಕ್ಕೆ 30 ಪೌಂಡ್‌ವರೆಗೆ ನಿರ್ವಹಣಾ ಭತ್ಯೆ ಸಿಗುತ್ತಿತ್ತು. ಬಹಳಷ್ಟು ಮಂದಿ ಬಸ್ ಪಾಸಿಗೆ ಬಳಸುತ್ತಿದ್ದುದು ಆ ದುಡ್ಡನ್ನೇ. 2011ರಲ್ಲಿ ಇಂಗ್ಲೆಂಡ್ ಅದನ್ನು ನಿಲ್ಲಿಸಿತು (ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಮುಂದುವರಿಸಿದವು). ಬದಲಿಗೆ ಬಂದ ಬರ್ಸರಿ ನಿಧಿ (ವಿದ್ಯಾರ್ಥಿಗಳಿಗೆ ಹಣದ ನೆರವು) ಕಾಲೇಜಿನ ಕೈಯಲ್ಲಿದೆ. ಹೆತ್ತವರ ಬದಲು ಕೌನ್ಸಿಲ್ಲಿನ ಪಾಲನೆಯಲ್ಲಿರುವವರು, ಕೆಲವು ಸರ್ಕಾರಿ ಭತ್ಯೆಗಳನ್ನು ತಾವೇ ಪಡೆಯುವವರು ಮುಂತಾದವರಿಗೆ ವರ್ಷಕ್ಕೆ 1,200 ಪೌಂಡ್‌ವರೆಗೆ. ಉಳಿದವರಿಗೆ ಎಷ್ಟೆಂಬುದು ಕಾಲೇಜಿನ ವಿವೇಚನೆ.

ಆಮೇಲಿನದು ವಿಚಿತ್ರ. 18ರವರೆಗೆ ಕಲಿಕೆಯಲ್ಲೋ ತರಬೇತಿಯಲ್ಲೋ ಇರಲೇಬೇಕೆಂದು 2008ರಲ್ಲಿ ಕಾಯ್ದೆಯಾಯಿತು. ಅದು 2013ರಲ್ಲಿ 17ರವರೆಗೆ, 2015ರಲ್ಲಿ 18ರವರೆಗೆ ಜಾರಿಗೆ ಬಂತು. ಕಲಿಯುವ ಕರ್ತವ್ಯ ಹಿಗ್ಗಿತು, ಉಚಿತ ಪ್ರಯಾಣದ ಗೆರೆ ಮಾತ್ರ 16ರಲ್ಲೇ ನಿಂತಿತು. ಹೋಗಲೇಬೇಕು ಎನ್ನುವವರು ಹೋಗುವ ದಾರಿಯನ್ನೂ ತೋರಿಸಬೇಕಿತ್ತು. ಆ ಒಂದು ಸಾಲಿನ ತಿದ್ದುಪಡಿಗೆ ಯಾವ ಸರ್ಕಾರವೂ ಕೈ ಹಾಕಲಿಲ್ಲ.

19 ದಾಟಿದವರ ಕಥೆ ಬೇರೆ. 2009ರ ಕಾಯ್ದೆಯ ಮೂಲಕ ಸೇರಿದ 508ಎಫ್ ಸೆಕ್ಷನ್ 1944ರ ಹಳೆಯ ವಾಕ್ಯವನ್ನೇ ಹೆಚ್ಚುಕಡಿಮೆ ಉಳಿಸಿಕೊಂಡಿದೆ: ಅಗತ್ಯವೆಂದು ತೋರಿದರೆ ವ್ಯವಸ್ಥೆ ಮಾಡಬೇಕು, ಮಾಡಿದರೆ ಶುಲ್ಕ ಕೇಳಕೂಡದು. 2014ರ ಕಾಯ್ದೆ ಇಎಚ್‌ಸಿ ಪ್ಲಾನ್ ತಂದು, ಶಿಕ್ಷಣ, ಆರೋಗ್ಯ, ಆರೈಕೆಯ ಅಗತ್ಯಗಳನ್ನು ಬರೆದಿಡುವ ಆ ದಾಖಲೆಯನ್ನು 25ರವರೆಗೆ ವಿಸ್ತರಿಸಿದ ಮೇಲೆ ಈ ಸೆಕ್ಷನ್ನಿಗೆ ಜೀವ ಬಂತು. ದುಡ್ಡು ಕೇಳುವಂತಿಲ್ಲವಾದ್ದರಿಂದ ಕೌನ್ಸಿಲ್‌ಗಳು ಉಳಿತಾಯಕ್ಕೆ ಹಿಡಿದುಕೊಂಡಿರುವುದು ‘ಅಗತ್ಯ’ ಎಂಬ ಪದವನ್ನು. ಅರ್ಜಿ ಬರೆಯುವವರು ಹಿಡಿಯಬೇಕಾದದ್ದೂ ಅದನ್ನೇ.

ಮೊದಲು ನೋಡಬೇಕಾದದ್ದು ವಿದ್ಯಾರ್ಥಿ ಯಾವ ಗುಂಪಿಗೆ ಸೇರುತ್ತಾನೆ ಎಂಬುದು. 19 ತುಂಬುವ ಮೊದಲೇ ಶುರುವಾದ ಕೋರ್ಸು ಮುಗಿಯುವವರೆಗೆ ಅವನು 16ರಿಂದ 19ರ ಹಳೆಯ ಗುಂಪಿನವನೇ, ಶುಲ್ಕ ಕೇಳಬಹುದು. 19 ತುಂಬಿದ ಮೇಲೆ ಹೊಸ ಕೋರ್ಸಿಗೆ ಸೇರಿದರೆ ವಯಸ್ಕ. ಎಂಟ್ರಿ ಲೆವೆಲ್ ಎಂಬ ಮೊದಲ ಹಂತ ಮುಗಿಸಿ ಅದರ ಮೇಲಿನ ಲೆವೆಲ್ 1ಕ್ಕೆ ಹೋಗುವುದು ಮುಂದುವರಿಕೆಯೋ ಹೊಸದೋ ಎಂಬಲ್ಲಿ ತಕರಾರು ಏಳುತ್ತದೆ. ಕೋರ್ಸಿನ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕಗಳನ್ನು ಕಾಲೇಜಿನಿಂದ ಬರೆಸಿಕೊಂಡಿದ್ದರೆ ಈ ತಕರಾರು ಬೇಗ ಮುಗಿಯುತ್ತದೆ.

ಎರಡನೆಯದು ಕಾಲೇಜಿನ ಹೆಸರು. ಶಾಲೆಯಿಂದ ಕಾಲೇಜಿಗೆ ಹೋಗುವ ವರ್ಷ ಮಾರ್ಚ್ 31ರೊಳಗೆ ಇಎಚ್‌ಸಿ ಪ್ಲಾನ್ ತಿದ್ದುಪಡಿಯಾಗಬೇಕು. ಅದರ ‘ಐ’ ಭಾಗದಲ್ಲಿ ಕಾಲೇಜಿನ ಹೆಸರಿದ್ದ ಮಾತ್ರಕ್ಕೆ ವಾಹನ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಬೇಕು, 16ರ ನಂತರ ಸಾಮಾನ್ಯವಾಗಿ ಪ್ರತಿ ವರ್ಷವೂ ಬೇಕು. ಬೇಸಿಗೆಯಲ್ಲೇ ಮಾರ್ಗಗಳ ಗುತ್ತಿಗೆ ಮುಗಿದುಬಿಡುತ್ತದೆ. ಆಗಸ್ಟಿನಲ್ಲಿ ಹಾಕಿದ ಅರ್ಜಿಗೆ ಸೆಪ್ಟೆಂಬರಿನ ಮೊದಲ ದಿನ ಗಾಡಿ ಬಾಗಿಲಿಗೆ ಬರುವುದು ಅಪರೂಪ.

ಅರ್ಜಿಯಲ್ಲಿ ‘ಮಗನಿಗೆ ಆಟಿಸಂ ಇದೆ’ ಎಂದಷ್ಟೇ ಬರೆದರೆ ಸಾಲದು. ಬಸ್ಸಿನ ದಾರಿ ಬದಲಾದರೆ ಏನು ಮಾಡುತ್ತಾನೆ, ರಸ್ತೆ ದಾಟುವಾಗ ಯಾರು ಬೇಕು, ಮನೆ ಬಾಗಿಲಿನಿಂದ ಕಾಲೇಜಿನ ಬಾಗಿಲಿಗೆ ಎಷ್ಟು ನಿಮಿಷ, ಇವನ್ನು ಬರೆಯಬೇಕು. ಮನೆಯವರು ಕಾರಿನಲ್ಲಿ ಬಿಡಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಕ್ಕಳನ್ನು ಶಾಲೆಗೆ ಕಳಿಸುವ ಕಾನೂನಿನ ಹೊಣೆ ಪೋಷಕರ ಮೇಲಿರುವುದು ಕಡ್ಡಾಯ ಶಾಲಾ ವಯಸ್ಸಿನವರೆಗೆ. 20ರ ಮಗನನ್ನು ಕಾಲೇಜಿಗೆ ಬಿಡುವ ಹೊಣೆ ಅಪ್ಪ ಅಮ್ಮನದೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಹೀಗಿದ್ದರೂ ಕೆಲಸದ ವೇಳೆ, ಬೇರೆ ಮಕ್ಕಳ ಶಾಲೆ, ಇವುಗಳ ವಿವರ ಕೊಡುವುದು ಜಾಣತನ.

ಇನ್ನೊಂದು ತೊಡಕು ವೇಳಾಪಟ್ಟಿ. ಕಾಲೇಜಿನ ‘ಫುಲ್ ಟೈಮ್’ ಕೋರ್ಸು ಅನೇಕ ಕಡೆ ವಾರಕ್ಕೆ ಮೂರೇ ದಿನ. ತರಗತಿ ಕೆಲವು ದಿನ 11ಕ್ಕೆ ಶುರುವಾಗಬಹುದು, ಆದರೆ ಕೌನ್ಸಿಲ್ ವಾಹನ ದಿನದ ಆರಂಭಕ್ಕೆ ಒಮ್ಮೆ, ಕೊನೆಗೆ ಒಮ್ಮೆ. ನಡುವಿನ ಎರಡು ಗಂಟೆ ಯಾರ ಉಸ್ತುವಾರಿ ಎಂದು ಕಾಲೇಜನ್ನು ಮೊದಲೇ ಕೇಳಬೇಕು. ಇಂಗ್ಲೆಂಡಿನ ಅಂಗವಿಕಲರ ಉಚಿತ ಬಸ್ ಪಾಸನ್ನು ನಂಬಿ ಕೂರುವುದೂ ಕಷ್ಟ: ವಾರದ ದಿನಗಳಲ್ಲಿ ಕಾನೂನಿನ ಪ್ರಕಾರ ಅದು ಚಾಲ್ತಿಗೆ ಬರುವುದೇ ಬೆಳಿಗ್ಗೆ 9.30ಕ್ಕೆ. ಒಂಬತ್ತರ ತರಗತಿಗೆ ಅದರಿಂದ ಉಪಯೋಗವಿಲ್ಲ, ಸ್ಥಳೀಯ ಕೌನ್ಸಿಲ್ ಸಮಯ ಸಡಿಲಿಸಿದ್ದರೆ ಮಾತು ಬೇರೆ.

ವಾಹನದ ಬದಲು ದುಡ್ಡು ಕೊಡುವ ‘ಪರ್ಸನಲ್ ಟ್ರಾವೆಲ್ ಬಜೆಟ್’ ಈಗ ಹೆಚ್ಚುತ್ತಿದೆ. ಲೆಸ್ಟರ್‌ಶೈರ್ ಕೌಂಟಿ 16ರಿಂದ 18ರವರಿಗೆ ಈ ದಾರಿ ಹಿಡಿದಾಗ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಕೌನ್ಸಿಲ್ಲೇ ಗೆದ್ದಿತು. ಒಪ್ಪುವ ಮೊದಲು ಲೆಕ್ಕ ಹಾಕಿ. ಕಾಲೇಜು 10 ಮೈಲಿ, ವಾರಕ್ಕೆ 3 ದಿನ, 38 ವಾರ, ಮೈಲಿಗೆ 45 ಪೆನ್ಸ್ ಎಂದುಕೊಳ್ಳೋಣ. ವಿದ್ಯಾರ್ಥಿ ಕಾರಿನಲ್ಲಿರುವ ಎರಡು ಓಡಾಟಗಳನ್ನಷ್ಟೇ ಹಿಡಿದರೆ ವರ್ಷಕ್ಕೆ 1,026 ಪೌಂಡ್. ಬಿಟ್ಟು ಖಾಲಿ ಮರಳುವುದು, ಕರೆತರಲು ಖಾಲಿ ಹೋಗುವುದು ಸೇರಿ ನಾಲ್ಕನ್ನೂ ಹಿಡಿದರೆ 2,052. ಯಾವ ಲೆಕ್ಕವೆಂದು ನೀತಿಯಲ್ಲಿ ಸ್ಪಷ್ಟವಾಗಿರದಿದ್ದರೆ ಬರಹದಲ್ಲೇ ಕೇಳಿ ಪಡೆಯಬೇಕು.

ಅರ್ಜಿ ತಿರಸ್ಕೃತವಾದರೆ ಮೊದಲು ಕೌನ್ಸಿಲ್ಲಿನೊಳಗೇ ಮೇಲ್ಮನವಿ. ಪತ್ರದಲ್ಲಿ ಗಡುವು ಇರುತ್ತದೆ, ಅದನ್ನು ಮೀರಬಾರದು. ಅಲ್ಲೂ ಆಗದಿದ್ದರೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಸ್ಥಳೀಯ ಸರ್ಕಾರದ ಓಂಬುಡ್ಸ್‌ಮನ್ ಇದ್ದಾರೆ. ಇವರು ‘ಅಗತ್ಯ ಇದೆ’ ಎಂದು ತಾವೇ ತೀರ್ಪು ಕೊಡುವುದಿಲ್ಲ. ಅರ್ಜಿದಾರರು ಕೊಟ್ಟ ಸಾಕ್ಷ್ಯವನ್ನು ಕೌನ್ಸಿಲ್ ಓದಿತೇ, ಸರಿಯಾದ ಸೆಕ್ಷನ್ ಹಿಡಿಯಿತೇ ಎಂದು ನೋಡುತ್ತಾರೆ. 20ರ ವಿದ್ಯಾರ್ಥಿಗೆ 17ರ ನಿಯಮ ಹಚ್ಚಿ ಬರೆದ ಪತ್ರ ಕೈಯಲ್ಲಿದ್ದರೆ ದೂರು ಅದರಿಂದಲೇ ಶುರುವಾಗಲಿ.